ಮೂವತ್ತಮೂರಕ್ಕೇ ನಿಂತದ್ದು

ಪೆಕಲೊಂಗನ್,
ಮೇ ೧೪, ಮಂಗಳವಾರ

ಮುದ್ದು ವೆನಿಂಗ್,

ಹೇಗಿದ್ದೀಯ ಮಗಳೇ? ಬಾತಾಮ್ ದ್ವೀಪದ ಕಾರ್ಖಾನೆಯ ಊಟ ಒಗ್ಗಿತೇ? ದಿನವಿಡೀ ನಿಂತು ಬಂದ ಕಾಲುನೋವು ಕಡಿಮೆಯಾಯಿತೇ? ನಾವೆಲ್ಲ ಕ್ಷೇಮ. ನಿನ್ನಮ್ಮ ಅಂಗಳದಲ್ಲಿ ಬಾಟಿಕ್ ಬಟ್ಟೆಗೆ ಮೇಣದ ಗೆರೆ ಎಳೆಯುತ್ತಿದ್ದಾಳೆ. ಫೋನಿನಲ್ಲಾದರೆ ಅವಳ ಕಿವಿಗೆ ಬೀಳುತ್ತದೆಂದು ಈ ಕಾಗದ. ಈ ಅಜ್ಜಿಯ ಅಕ್ಷರ ಗೊತ್ತಲ್ಲ, ಸಹಿಸಿಕೊಂಡು ಓದು.

ಏಳು ವರ್ಷದವಳಿದ್ದಾಗ ನಿನ್ನ ರಕ್ತದ ಕ್ಯಾನ್ಸರಿಗೆ ಔಷಧಿ ಕೊಟ್ಟ ಆಸ್ಪತ್ರೆಯಿಂದ ಕಳೆದ ತಿಂಗಳು ಡಾಕ್ಟರಮ್ಮ ಫೋನ್ ಮಾಡಿದ್ದರು. ನಿನ್ನಂತೆ ಗುಣವಾಗಿ ಬೆಳೆದ ಹುಡುಗಿಯರ ವಿಚಾರ ಬರೆದುಕೊಳ್ಳುತ್ತಿದ್ದಾರಂತೆ. "ಒಂದೇ ಔಷಧಿ ತಗೊಂಡ್ರೂ ಕೆಲವರಿಗೆ ಮಕ್ಕಳಾಗ್ತವೆ, ಕೆಲವರಿಗೆ ಬೇಗ ಮುಟ್ಟು ನಿಂತುಹೋಗುತ್ತೆ. ಮನೆತನದಿಂದ ಬಂದದ್ದೂ ಅದರಲ್ಲಿ ಒಂದಿಷ್ಟು ಇರಬಹುದು. ನಿಮ್ಮಲ್ಲಿ ಯಾರಿಗಾದ್ರೂ ಬೇಗ ನಿಂತಿತ್ತಾ ಅಜ್ಜಿ?" ಎಂದು ಕೇಳಿದರು. ನಿನ್ನಮ್ಮ ಎದುರಿಗೇ ಕೂತು ಎಳೆ ಹಲಸು ಹೆಚ್ಚುತ್ತಿದ್ದಳು. "ಇಲ್ಲಮ್ಮ, ನಂಗೆ ಐವತ್ತರವರೆಗೂ ಇತ್ತು" ಅಂದುಬಿಟ್ಟೆ.

ಸುಳ್ಳು. ನನಗೆ ಮೂವತ್ತಮೂರಕ್ಕೇ ನಿಂತಿತು. ನನ್ನ ಅಕ್ಕನಿಗೂ ಹಾಗೇ. ನಿನ್ನಪ್ಪನಿಗೆ ಆಗ ಐದು ವರ್ಷ. ನನಗಿನ್ನು ಮಕ್ಕಳಾಗದೆಂಬುದು ನಮ್ಮತ್ತೆಗೆ ಗೊತ್ತಾದೀತೆಂದು ತಿಂಗಳು ತಿಂಗಳೂ ಐದು ದಿನ ನಮಾಜು ಬಿಟ್ಟು, ಕಲೆಯಿಲ್ಲದ ಬಟ್ಟೆಯನ್ನೇ ಒಗೆದು ಹಿತ್ತಿಲಲ್ಲಿ ಹರವುತ್ತಿದ್ದೆ. ಹದಿನೇಳು ವರ್ಷ! ದೇವರೆದುರೂ ನಾಟಕ. ಆಮೇಲೆ ಸೊಸೆ ಬಂದಳು, ನಿನ್ನೊಬ್ಬಳನ್ನೇ ಹೆತ್ತಳು, ನಿನ್ನ ಆಸ್ಪತ್ರೆ ಓಡಾಟದಲ್ಲಿ ಅವಳ ಪ್ರಾಯವೇ ಕಳೆಯಿತು. ನಾನು ಸುಮ್ಮನಿದ್ದೆನೇ? ನೆರೆಯವರ ಮುಂದೆ, "ನಮ್ಮ ಸುಮಿರಾ ಒಂದಕ್ಕೇ ಸುಸ್ತಾದ್ಲು, ನಮ್ಮ ಕಾಲದ ಹೆಂಗಸರೇ ಬೇರೆ ಬಿಡಿ" ಎಂದು ನಗುತ್ತಿದ್ದೆ. ಅವಳು ತಲೆ ಎತ್ತದೆ ಮೇಣ ಕಾಯಿಸುತ್ತಿದ್ದಳು. ಹಾಗೆಲ್ಲ ಅಂದ ಬಾಯಿಂದ ಅವಳೆದುರು ನಿಜ ಹೇಗೆ ಹೊರಡಬೇಕು?

ಆದರೆ ಮೊನ್ನೆ ನೀನು ಫೋನಿನಲ್ಲಿ ನಿನ್ನಮ್ಮನಿಗೆ, "ಅಜ್ಜಿಗೇ ಐವತ್ತರವರೆಗೂ ಇತ್ತಂತಲ್ಲ, ನಂಗೇನು ಅವಸರ? ಇನ್ನೂ ಮೂರು ವರ್ಷ ದುಡಿದು ಆಮೇಲೆ ಮದುವೆ ಆಗ್ತೀನಿ, ವಿಯೋತೋನೂ ಒಪ್ಪಿದ್ದಾನೆ" ಅಂದೆಯಲ್ಲ, ಅಂದೇ ಈ ಕಾಗದ ಬರೆಯಬೇಕೆಂದುಕೊಂಡೆ. ನಿನ್ನ ಧೈರ್ಯ ನನ್ನ ಸುಳ್ಳಿನ ಮೇಲೆ ನಿಂತಿದೆ. ನಿನಗೂ ಹಾಗೇ ಆಗುತ್ತದೆಂದು ಯಾರೂ ಹೇಳಿಲ್ಲ. ಆದರೂ ನಿನಗೆ ತಿಳಿಯಬೇಕಾದ್ದನ್ನು ನನ್ನ ಮಾನಕ್ಕಾಗಿ ಮುಚ್ಚಿಟ್ಟೆ. ಬೈಯಬೇಕೆನಿಸಿದರೆ ಬೈ, ಕೇಳಿಸಿಕೊಳ್ಳುತ್ತೇನೆ.

ಅಲ್ಲಾಹ್ ನಿನ್ನನ್ನು ಕಾಯಲಿ. ವಿಯೋತೋನಿಗೂ ನನ್ನ ಹಾರೈಕೆ ತಿಳಿಸು.

ನಿನ್ನ ಅಜ್ಜಿ,
ಪೈನಾ

ತಾ.ಕ.: ಮಡಿಸಿದ ಕಾಗದ ಮತ್ತೆ ಬಿಚ್ಚಿದೆ. ತಡೆಯಲಾಗದೆ ನಿನ್ನಮ್ಮನಿಗೆ ಹೇಳಿಬಿಟ್ಟೆ. "ಇಷ್ಟು ವರ್ಷ ನನ್ನ ಆಡ್ಕೊಂಡ್ರಲ್ಲ ಅತ್ತೆ" ಅಂದಳು, ಅಷ್ಟೇ. ಕೈ ಒರೆಸಿಕೊಂಡು ಡಾಕ್ಟರಿಗೆ ತಾನೇ ಫೋನ್ ಮಾಡಿದಳು. ತಡಮಾಡದೆ ಪರೀಕ್ಷೆ ಮಾಡಿಸಬೇಕಂತೆ, ಜೂನ್ ಆರಕ್ಕೆ ಬರಹೇಳಿದ್ದಾರೆ. ರಜೆ ಹಾಕಿ ಬಾ. ಕಾರ್ಖಾನೆಯ ಆ ಮೂರು ವರ್ಷದ ಹೊಸ ಕರಾರಿಗೆ ಈಗಲೇ ಸಹಿ ಹಾಕಬೇಡ. ಕಾಗದ ತಲುಪುವುದು ತಡವಾದೀತೆಂದು ದಿನಾಂಕವನ್ನು ಅವಳೇ ಫೋನಿನಲ್ಲೂ ತಿಳಿಸುತ್ತಾಳೆ. "ಯಾಕೆ ಅಂತ ಮಾತ್ರ ನೀವೇ ಹೇಳಿ" ಎಂದು ಈ ಕಾಗದವನ್ನು ನನ್ನ ಕೈಗೇ ಕೊಟ್ಟಳು. ಆಸ್ಪತ್ರೆಗೆ ನಿಮ್ಮಿಬ್ಬರ ಜೊತೆ ನಾನೂ ಬರಲೇ ಎಂದು ಕೇಳಿದ್ದೇನೆ. ಅವಳು ಮೇಣದ ಕೆಲಸಕ್ಕೆ ಮರಳಿದ್ದಾಳೆ, ನಾನು ಕಾಯುತ್ತಿದ್ದೇನೆ.