ಇಪ್ಪತ್ತು ಚೀಟಿಗಳು

೧೪ ಜೂನ್, ಶನಿವಾರ.

ಬರೆಯುತ್ತಿರುವ ಕಥೆ ಮುಂದೆ ಹೋಗದೆ ನಿಂತವರಿಗೆಂದು ಒಂದು ಶಿಬಿರವಂತೆ. ಮೂರು ಕಾದಂಬರಿ ಬರೆದ ನಾನೂ ಹೋಗಿ ಬೆಂಚಿನ ಮೇಲೆ ಕೂತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕಲಿಸುವವನು ಜೀವಮಾನದಲ್ಲಿ ಬರೆದದ್ದು ಒಂದೂವರೆ ಕಥೆ. ಬಣ್ಣದ ಚೀಟಿ ಹಂಚಿ, "ಹತ್ತು ನಿಮಿಷ, ನಿಮ್ಮ ಕಥೆಯ ತೊಡಕಿಗೆ ಇಪ್ಪತ್ತು ಪರಿಹಾರ, ಚೀಟಿಗೊಂದು. ಯೋಚನೆ ಮಾಡ್ಬೇಡಿ, ಬರೀತಾ ಹೋಗಿ" ಎಂದು ಚಪ್ಪಾಳೆ ತಟ್ಟಿದ. ಯೋಚಿಸದೆ ಬರೆಯುವುದು ಹೇಗೆಂದು ತಿಳಿಯಲು ಅವನ ಕಥೆಯೇ ಸಾಕಿತ್ತು.

ನನ್ನ ತೊಡಕು ಹೊಸ ಕಾದಂಬರಿಯ ಹನ್ನೊಂದನೆಯ ಅಧ್ಯಾಯದ್ದು. ಅಕ್ಕ ತಮ್ಮನನ್ನು ಕ್ಷಮಿಸಬೇಕು. ನಾಲ್ಕು ತಿಂಗಳಿಂದ ಜಪ್ಪಯ್ಯ ಅಂದರೂ ಕ್ಷಮಿಸುತ್ತಿಲ್ಲ. ಚೀಟಿಗಳಲ್ಲಿ ಅವಳಿಗೆ ಕಾಯಿಲೆ ಬರಿಸಿದೆ, ಕಣ್ಣು ಮಂಜು ಮಾಡಿದೆ, ಹಳೆಯ ಫೋಟೊ ಸಿಗುವಂತೆ ಮಾಡಿದೆ, ಮೆಟ್ಟಿಲಿಂದ ಬೀಳಿಸಿದೆ. ಇಪ್ಪತ್ತೂ ತುಂಬಿದವು.

ಆಮೇಲೆ ಅವನ್ನು ಪಕ್ಕದವರಿಗೆ ಓದಲು ಕೊಡಬೇಕಂತೆ. ಪಕ್ಕದಲ್ಲಿದ್ದವಳು ಒಬ್ಬ ನರ್ಸ್. ಇದುವರೆಗೆ ಒಂದು ಕಥೆಯನ್ನೂ ಮುಗಿಸಿದವಳಲ್ಲ. ಔಷಧಿಚೀಟಿ ಓದುವ ಹಾಗೆ ಒಂದೊಂದನ್ನೇ ಓದಿ ಕೇಳಿದಳು: "ಸರ್, ಇಪ್ಪತ್ತರಲ್ಲೂ ಅಕ್ಕನಿಗೇ ಏನೋ ಆಗುತ್ತೆ. ಈ ತಮ್ಮ ಒಂದ್ಸಲನಾದ್ರೂ ಹೋಗಿ ತಪ್ಪಾಯ್ತು ಅನ್ನಲ್ವಾ?"

"ಸಾಹಿತ್ಯ ಅಷ್ಟು ಸುಲಭ ಅಲ್ಲಮ್ಮ" ಎಂದೆ.

"ಹೂಂ, ಕಷ್ಟಾನೇ" ಎಂದು ಚೀಟಿಗಳನ್ನು ಜೋಡಿಸಿ ವಾಪಸು ಕೊಟ್ಟಳು.

ಅಧಿಕಪ್ರಸಂಗಿ. ಇಂಥವರಿಂದಲೇ ಸಾಹಿತ್ಯ ಹಾಳಾಗಿರುವುದು. ತಮ್ಮ ಹೋಗಿ ಬಾಗಿಲು ತಟ್ಟಿದರೆ ಕಾದಂಬರಿ ಅಲ್ಲಿಗೇ ಮುಗಿಯಿತು. ಅದೂ ಅಲ್ಲದೆ, ತಟ್ಟುವುದು ಯಾವ ಬಾಗಿಲನ್ನು? ಹನ್ನೆರಡು ವರ್ಷದಿಂದ ಮಾತಿಲ್ಲ. ಅಕ್ಕ ಇನ್ನೂ ಅದೇ ಮನೆಯಲ್ಲಿದ್ದಾಳೋ ಇಲ್ಲವೋ ನನಗೇ—