ಸಿರಾ ಬಿಚ್ಚಗೊಡದ ಜಡೆ

ಸೆಗು, ಗುರುವಾರ

ಅತ್ತೆಯವರಿಗೆ ಅಳಿಯ ಬಕಾರಿಯ ಸಲಾಂ.

ನಿಮ್ಮ ಮೊಮ್ಮಗಳು ಸಿರಾಳಿಗೆ ತಲೆಯೆಲ್ಲ ತುರಿಕೆ. ನಮ್ಮ ಅಸಿತಾನ್ ತಾನು ತೀರಿಕೊಂಡ ವಾರವೇ ಮಗಳಿಗೆ ಹೆಣೆದಿದ್ದ ಜಡೆಗಳನ್ನು ಮೂರು ತಿಂಗಳಾದರೂ ಅವಳು ಬಿಚ್ಚಗೊಡುತ್ತಿಲ್ಲ. ಕೆರೆದರೆ ಅಮ್ಮನ ಜಡೆ ಕೆದರೀತೆಂದು ಅಂಗೈಯಿಂದ ತಟ್ಟಿಕೊಳ್ಳುತ್ತಾಳೆ. ನೀವು ಕಳಿಸಿದ ಶಿಯಾ ಬೀಜದ ಬೆಣ್ಣೆಯನ್ನು ದಿನಾ ತಲೆಗೆ ಮೆತ್ತಿದೆ. ಧೂಳು ಕೂತು ತುರಿಕೆ ಇಮ್ಮಡಿಯಾಯಿತು.

ಸಂತೆಯಲ್ಲಿ ಜಡೆ ಹಾಕುವ ತೆನಿನ್ ಬೈದಳು: "ಮೊದ್ಲು ಬಿಚ್ಚಿ ತೊಳಿಯಯ್ಯ. ಪೂರ್ತಿ ಒಣಗಿದ್ಮೇಲೆ ಸಡಿಲವಾಗಿ ಹಾಕ್ಸು."

"ಯಾರು ಬಿಚ್ಚಿದ್ರೆ ಸುಮ್ನಿರ್ತೀಯೇ?" ಎಂದು ನಿನ್ನೆ ಸಿರಾಳನ್ನು ಕೇಳಿದೆ.

"ಅಮ್ಮಂಗೆ ಜಡೆ ಹಾಕೋದು ಕಲ್ಸಿದ್ದು ಅಜ್ಜಿ ತಾನೇ? ಅವ್ರು ಬಿಚ್ಲಿ."

ಶನಿವಾರದ ಬಸ್ಸಿಗೆ ಬನ್ನಿ. ಬಾಚಣಿಗೆ ತರಬೇಡಿ, ಅಸಿತಾನಳದೇ ಇದೆ. ಅದರಲ್ಲಿ ಸಿಕ್ಕಿರುವ ಅವಳ ಕೂದಲನ್ನು ನಾನಿನ್ನೂ ಬಿಡಿಸಿಲ್ಲ. ಅದನ್ನೂ ನೀವೇ ಬಿಡಿಸಬೇಕು.

ನಿಮ್ಮ ದಾರಿ ನೋಡುತ್ತಿರುವ
ಬಕಾರಿ