ನಿಮ್ಮಪ್ಪನ ಹಳದಿ

ಗುಬ್ಬಿ
೧೧-೧-೧೯೮೪

ಪ್ರೀತಿಯ ಗಿರಿಜಾ,

ಹೇಗಿದ್ದೀಯಮ್ಮ? ಹುಬ್ಬಳ್ಳಿಯ ನೀರು ಈಗಲಾದರೂ ಒಗ್ಗಿತೇ? ಅಳಿಯಂದಿರ ಕೆಮ್ಮು ನಿಂತಿತೇ? ನನ್ನ ಮಂಡಿನೋವು ಇದ್ದಂತೆಯೇ ಇದೆ, ಅದರ ಚಿಂತೆ ಬೇಡ. ತುಮಕೂರಿನಲ್ಲಿ ನಿಮ್ಮಪ್ಪನ ಎಡಗಣ್ಣಿನ ಪೊರೆ ತೆಗೆದದ್ದು ಸಲೀಸಾಗಿ ಆಯಿತೆಂದು ಬರೆದಿದ್ದೆನಲ್ಲ, ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ?

ಸೋಮವಾರ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಮನೆಗೆ ಬಂದವರೇ ಪಡಸಾಲೆಯಲ್ಲಿರುವ, ತಾವೇ ಬರೆದ ಕೆರೆಯ ಚಿತ್ರದ ಮುಂದೆ ನಿಂತರು. ಪೇಪರಿನವರು ‘ಚನ್ನವೀರಯ್ಯನವರ ಚಿನ್ನದ ಬೆಳಕು’ ಎಂದು ಹಾಡಿ ಹೊಗಳಿದ್ದು, ಬೆಂಗಳೂರಿನಲ್ಲಿ ಬಹುಮಾನ ಬಂದದ್ದು ಅದಕ್ಕೇ ಅಲ್ಲವೇ? “ಯಾರೇ ಇದ್ರ ಮೇಲೆ ಅರಿಶಿನದ ನೀರು ಎರಚಿದ್ದು?” ಎಂದು ನನ್ನ ಮೇಲೆ ರೇಗಿದರು. ತಮಾಷೆ ಅಂದುಕೊಂಡೆ ಕಣೇ. ಯಾರೂ ಮುಟ್ಟಿಲ್ಲ, ಮೊದಲಿಂದಲೂ ಹೀಗೇ ಇದೆ ಅಂದೆ. ಚಿತ್ರವನ್ನು ಇಳಿಸಿ ಬಾಗಿಲ ಬಿಸಿಲಿಗೆ ಹಿಡಿದರು. “ನಾನು ಬರ್ದಿದ್ದು ಬೆಳಗಿನ ಕೆರೆ ಕಣೇ. ನೀಲಿ ಕೆರೆ.” ನಾವೆಲ್ಲ ಅದನ್ನು ಸಂಜೆ ಎಂದೇ ನೋಡಿಕೊಂಡು ಬಂದಿದ್ದೆವು.

ಮಾರನೆಯ ದಿನ ಮತ್ತೆ ತುಮಕೂರಿಗೆ ಹೋದೆವು. ಡಾಕ್ಟರು ಶಿವರಾಮಯ್ಯನವರು, “ಪೊರೆ ಅಂದ್ರೆ ಕಂದು ಗಾಜಿದ್ದಂಗೆ, ಯಜಮಾನ್ರೇ. ನೀಲಿನ ಒಳಕ್ಕೇ ಬಿಡಲ್ಲ. ಎಷ್ಟೋ ವರ್ಷದಿಂದ ಬೆಳೀತಾ ಇದ್ದಿರ್ಬೇಕು” ಅಂದರು. ಇವರು ಕೇಳಿದ್ದು ಒಂದೇ ಮಾತು: “ಹಂಗಾದ್ರೆ ಬರ್ದಿದ್ದು ನಾನಾ, ಪೊರೆನಾ?” ಡಾಕ್ಟರು ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಮನೆಗೆ ಬಂದು ಬಣ್ಣ ಕೆರೆಯುವ ಚಾಕು ತೆಗೆದುಕೊಂಡರು. “ಬಿಡೇ, ಇದು ರೋಗ, ಚಿತ್ರ ಅಲ್ಲ” ಎನ್ನುತ್ತ ಚಿತ್ರದಲ್ಲಿದ್ದ ತೆಂಗಿನ ಮರದ ಮೇಲೆ ಎಳೆದೇಬಿಟ್ಟರು. ನಾನು ಓಡಿಹೋಗಿ ಕೈ ಹಿಡಿದುಕೊಂಡೆ. ಮದುವೆಯಾದಾಗಿನಿಂದ ಅವರಿಗೆ ಎದುರು ಮಾತಾಡಿದವಳಲ್ಲ, ನೀನೇ ಬಲ್ಲೆ. ಅವತ್ತು ಕೂಗಿಬಿಟ್ಟೆ: “ನಮ್ಮವ್ವಂಗೂ ಪೊರೆ ಬಂದಿತ್ತು. ಅವಳು ಗೋಡೆ ತಡಕಾಡಿದ್ಲೇ ಹೊರತು ಚಿತ್ರ ಬರೀಲಿಲ್ಲ!” ಚಾಕು ಕೆಳಗಿಟ್ಟರು. ಅಂಗಳಕ್ಕೆ ಹೋಗಿ, “ಆಕಾಶ ಇಷ್ಟು ನೀಲಿ ಇರುತ್ತಾ?” ಎನ್ನುತ್ತ ಊಟಕ್ಕೂ ಏಳದೆ ಕುಳಿತರು.

ಎಡೆಯೂರು ಸಿದ್ಧಲಿಂಗೇಶ್ವರ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಮೈ ನೋಡಿಕೋ.

ನಿನ್ನ ಅಮ್ಮ,
ಲಕ್ಷ್ಮೀದೇವಮ್ಮ

ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹಬ್ಬ ಕಳೆದ ಮೇಲೆ ಬಲಗಣ್ಣಿನ ಪೊರೆಯ ಆಪರೇಷನ್ ಇದೆ. ತಡ ಮಾಡಿದರೆ ಆ ಕಣ್ಣು ಪೂರ್ತಿ ಹೋಗುತ್ತದಂತೆ. ಇವರು ಒಲ್ಲೆ ಅನ್ನುತ್ತಿದ್ದಾರೆ. ಬೆಳಿಗ್ಗೆ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊಸ ಚಿತ್ರಕ್ಕೆ ಕೂತುಬಿಟ್ಟರು. “ಹೋದ್ರೆ ಹೋಗ್ಲಿ, ಹೋಗೋವರ್ಗೂ ಈ ಪೊರೆ ಕಣ್ಣಲ್ಲೇ ಬರೀತೀನಿ” ಅಂದರು. ಕುಂಚ ಹಿಡಿದ ಮೇಲೆ ಮುಖದಲ್ಲಿ ಕಳೆ ಬಂದಿದೆ ಗಿರಿಜಾ, ಬೇಡ ಅನ್ನಲು ನನಗೆ ನಾಲಿಗೆ ಏಳುತ್ತಿಲ್ಲ. ಕಾಗದ ಕಂಡ ಕೂಡಲೇ ಬಸ್ಸು ಹತ್ತು.